ರೂಮಿನವರ ಸ್ನೇಹ ಮಾಡಿದ ತಿಪ್ಪೇಶ

ಕೇಳ್ರಪ್ಪ ಕೇಳಿ. ಚಳ್ಳಕೆರೆ ಕಡೆ ಒಂದೂರಲ್ಲಿ ಕಂಬಳಿಗೆ ಉಣ್ಣೆ ನೂಲೋ ಓಬಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಕೂದಲೆಳೆಯಷ್ಟೂ ಅತ್ಲಾಗಿಲ್ಲ, ಇತ್ಲಾಗಿಲ್ಲ. ಮತ್ತೆ ಪಿಯುಸಿ ಹೆಂಗೆ ಪಾಸಾದ ಅಂತೀರಾ? ಪುಸ್ತಕದಲ್ಲಿದ್ದಿದ್ದನ್ನ ಇದ್ದಂಗೇ ಬರೆದ, ಅಚ್ಚಿನ ತಪ್ಪೂ ಬಿಡಲಿಲ್ಲ!

ದಾವಣಗೆರೆಯಲ್ಲಿ ಕಾಲೇಜು ಸಿಕ್ತು, ಹಾಸ್ಟೆಲ್ಲೂ ಸಿಕ್ತು. ಓಬಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಊರಲ್ಲಿ ನಿನಗೆ ಒಬ್ಬ ಗೆಳೆಯ ಆಗಲಿಲ್ಲ. ಕಬಡ್ಡಿಗೂ ಸೇರಿಸ್ಕೊಳ್ಳಲಿಲ್ಲ. ಅಲ್ಲಿ ರೂಮಿನವರೂ ಬೇಡ ಅಂದ್ರೆ ಓದು ಬಿಟ್ಟು ಬಂದುಬಿಡ್ತೀಯ ಕಣೋ!"

"ಬರಲ್ಲ ಕಣವ್ವ. ನನಗೂ ಗೆಳೆಯರು ಬೇಕು. ಏನು ಮಾಡ್ಲಿ ಹೇಳು, ಹಂಗೇ ಮಾಡ್ತೀನಿ."

"ಇದ್ದಿದ್ದನ್ನ ಹಂಚ್ಕೋ. ರೂಮಲ್ಲಿ ಮೂರು ಜನ ಅಂದ್ರೆ ಮೂರು ಪಾಲು ಮಾಡು."

"ಆಗ್ಲವ್ವ."

ರೂಮಿಗೆ ಹೋದ. ಬಳ್ಳಾರಿ ಕಡೆಯ ಗಾದಿಲಿಂಗ ಇದ್ದ, ಮೂಗಿನ ತುದೀಲೇ ಸಿಟ್ಟು. ಹೊಸದುರ್ಗದ ಸಮೀವುಲ್ಲಾ ಇದ್ದ, ಮಾತೇ ಕಮ್ಮಿ. ಇಬ್ಬರೂ ಟೀ ಕುಡಿಯೋಕೆ ಹೋದ್ರು. ಬಂದು ನೋಡ್ತಾರೆ, ತಿಪ್ಪೇಶ ಕತ್ತರಿ ಹಿಡಿದು ಕೂತಿದಾನೆ! ರೊಟ್ಟಿ ಮೂರು ಪಾಲು. ಸರಿ. ಸೋಪು ಮೂರು ಪಾಲು. ಹೋಗ್ಲಿ. ಅವ್ವ ನೂತ ಉಣ್ಣೆಯ ಕಂಬಳಿ ಮೂರು ಪಾಲು. ಗಾದಿಲಿಂಗನ ಹೊಸ ಸೊಳ್ಳೆಪರದೆಯೂ ಮೂರು ಪಾಲು!

"ಏನಲೇ ಇದು!"

"ನಿನ್ನ ಪಾಲು ಇದು. ದೊಡ್ಡದೇ ಕೊಟ್ಟಿದೀನಿ."

ಅವತ್ತು ಸೊಳ್ಳೆಗಳೂ ಮೂವರನ್ನ ಸಮವಾಗಿ ಹಂಚ್ಕೊಂಡವು. ತಿಪ್ಪೇಶ ಊರಿಗೆ ಫೋನ್ ಹಚ್ಚಿ ನಡೆದಿದ್ದು ಹೇಳಿದ.

"ಅಯ್ಯೋ ನಿನ್ನ ತಲೆಗಿಷ್ಟು! ಬೇರೆಯವರ ಸಾಮಾನು ಮುಟ್ಟಬಾರದು ಕಣೋ! ಏನೇ ಆಗ್ಲಿ, ಬೆರಳೂ ತಾಗಿಸಬೇಡ!"

"ಆಗ್ಲವ್ವ."

ಮಾರನೇ ದಿನ ಗಾದಿಲಿಂಗ ಹೊಸ ಅಂಗಿ ಒಗೆದು ತಂತಿ ಮೇಲೆ ಹಾಕಿದ್ದ. ಗಾಳಿಗೆ ಅಂಗಿ ಕೆಳಗೆ ಬಿತ್ತು. ಹಸು ಬಂತು. ತಿಪ್ಪೇಶ ಎದುರಿಗೇ ಕುಕ್ಕರಗಾಲಲ್ಲಿ ಕೂತ. ಹಸು ತೋಳು ತಿಂತು, ನೋಡಿದ. ಕಾಲರ್ ತಿಂತು, ನೋಡಿದ. ಗಾದಿಲಿಂಗ ಓಡಿಬರೋ ಹೊತ್ತಿಗೆ ಉಳಿದಿದ್ದು ಎರಡು ಗುಂಡಿ.

"ನೋಡ್ತಾ ಕೂತಿದ್ದೇನಲೇ!"

"ಹೂಂ. ನಾನಂತೂ ಬೆರಳೂ ತಾಗಿಸಲಿಲ್ಲಪ್ಪ!"

ಮತ್ತೆ ಫೋನು, ಮತ್ತೆ ಬೈಗುಳ.

"ಥೂ ಪೆದ್ದೇ! ಏನಾದ್ರೂ ಕೆಟ್ಟದ್ದು ಕಂಡ್ರೆ ಸುಮ್ನೆ ಕೂರಬಾರದು ಕಣೋ! ಗಟ್ಟಿಯಾಗಿ ಕೂಗು! ನಾಲ್ಕು ಜನರನ್ನ ಸೇರಿಸು!"

"ಆಗ್ಲವ್ವ."

ಶುಕ್ರವಾರ ಸಮೀವುಲ್ಲಾ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದ. ಭುಜ ಅಲ್ಲಾಡ್ತಿತ್ತು. ಅಮ್ಮನ ನೆನಪಾಗಿ ಸದ್ದಿಲ್ಲದೆ ಅಳ್ತಿದ್ದ, ಪಾಪ. ತಿಪ್ಪೇಶ ಕಂಡ. ವರಾಂಡಕ್ಕೆ ಓಡಿದ. "ಬನ್ರಪ್ಪೋ ಬನ್ನಿ! ಸಮೀವುಲ್ಲಾ ಅಳ್ತಿದಾನೆ!" ನಾಲ್ಕು ಜನ ಏನು, ನಲವತ್ತು ಜನ ಬಂದ್ರು! ಒಬ್ಬ ಬಕೆಟ್ ನೀರೂ ತಂದ. ಸಮೀವುಲ್ಲಾ ನಾಚಿಕೆಗೆ ಚಾದರ ಮುಸುಕು ಹಾಕ್ಕೊಂಡವನು ಊಟಕ್ಕೂ ಏಳಲಿಲ್ಲ.

ಗಾದಿಲಿಂಗ ಹೇಳಿಯೇಬಿಟ್ಟ. "ಸಾಕಪ್ಪ ಸಾಕು. ಭಾನುವಾರ ವಾರ್ಡನ್ ರೂಮು ಬದಲಾಯಿಸಿಕೊಡ್ತಾರೆ. ನಾವಿಬ್ಬರೂ ಅರ್ಜಿ ಹಾಕ್ತೀವಿ."

ತಿಪ್ಪೇಶ ಮತ್ತೆ ಊರಿಗೆ ಫೋನ್ ಹಚ್ಚಿದ. "ಅವ್ವಾ, ನನ್ನ ಬಿಟ್ಟು ಹೋಗ್ತಾರಂತೆ. ನಾನು ಊರಿಗೆ ಬರ್ತೀನಿ."

ಓಬಮ್ಮನಿಗೂ ಅಳು ಬಂತು, ಸಿಟ್ಟೂ ಬಂತು. "ಬರಬೇಡ! ಅಳೋರನ್ನ ಕಂಡು ಊರಿಗೆಲ್ಲ ಸಾರ್ತಾರೇನೋ? ಪಕ್ಕದಲ್ಲಿ ಕೂತ್ಕೋ. ಬೆನ್ನು ಸವರು. ಕೈಗೆ ಸಿಕ್ಕಿದ್ದರಲ್ಲಿ ಕಣ್ಣೊರೆಸು. ನಾನಿದೀನಿ ಅನ್ನು. ಸಮಾಧಾನ ಆಗೋತನಕ ಏಳಬೇಡ!"

"ಆಗ್ಲವ್ವ."

ಭಾನುವಾರ ಬಂತು. ವಾರ್ಡನ್ ಕೊಟ್ರೇಶಪ್ಪ ಅಡಿಗೆಮನೆ ಬಾಗಿಲ ಬೆಂಚಿನ ಮೇಲೆ ಕೂತಿದ್ರು. ಹುಲಿಯಂಥ ಮನುಷ್ಯ. ತೊಡೆ ಮೇಲೆ ಅರ್ಜಿ, ಕೈಯಲ್ಲಿ ಪೆನ್ನು, ಎದುರಿಗೆ ಗಾದಿಲಿಂಗ, ಸಮೀವುಲ್ಲಾ. ಇನ್ನೇನು ಸಹಿ ಹಾಕಬೇಕು, ಒಳಗೆ ಅಡಿಗೆಯವನು ಒಣಮೆಣಸಿನಕಾಯಿ ಹುರಿದ. ಘಾಟು ಅಂದ್ರೆ ಘಾಟು! ವಾರ್ಡನ್ ಕಣ್ಣಲ್ಲಿ ದಳದಳ ನೀರು.

ತಿಪ್ಪೇಶ ಕಂಡ. ಓಡಿಬಂದು ಅಂಟಿಕೊಂಡು ಕೂತ. ಬೆನ್ನು ಸವರಿದ.

"ಅಳಬೇಡಿ ಸಾರ್. ನಾನಿದೀನಿ!"

"ಏಯ್, ಯಾರೋ ನೀನು! ಬಿಡೋ!"

ಬಿಡ್ತಾನಾ? ಕೈಗೆ ಸಿಕ್ಕಿದ್ದು ಅರ್ಜಿ. ಅದರಲ್ಲೇ ವಾರ್ಡನ್ ಕಣ್ಣೊರೆಸಿದ, ಮೂಗೂ ಒರೆಸಿದ! ಶಾಯಿ ಕರಗಿ ಹುಲಿಗೆ ಮೀಸೆ ಬಂತು. ವಾರ್ಡನ್ ಬಿದ್ದಂಬೀಳ ನಲ್ಲಿ ಕಡೆ ಓಡಿದ್ರು. "ಬೇರೆ ಅರ್ಜಿ ಬರ್ಕೊಂಡು ಬನ್ರೋ!"

ಬರೆಯೋರು ಯಾರು? ಗಾದಿಲಿಂಗ ಹೊಟ್ಟೆ ಹಿಡ್ಕೊಂಡು ಬೆಂಚಿನ ಈ ತುದೀಲಿ ಬಿದ್ದ, ಸಮೀವುಲ್ಲಾ ಆ ತುದೀಲಿ. ನಕ್ಕೂ ನಕ್ಕೂ ಇಬ್ಬರ ಕಣ್ಣಲ್ಲೂ ನೀರು. ತಿಪ್ಪೇಶ ಗಾಬರಿಯಾದ. ಮಧ್ಯದಲ್ಲಿ ಕೂತು ಎರಡು ಕೈಯಲ್ಲಿ ಎರಡು ಬೆನ್ನು ಸವರಿದ. "ಅಳಬೇಡ್ರೋ, ನಾನಿದೀನಿ!" ಅವರು ಇನ್ನೂ ನಕ್ಕರು, ಇನ್ನೂ ನೀರು ಬಂತು, ಇವನು ಇನ್ನೂ ಸವರಿದ.

"ಇವನನ್ನ ಬಿಟ್ಟು ಎಲ್ಲಿಗೆ ಹೋಗೋದಪ್ಪ?" ಅಂದ ಗಾದಿಲಿಂಗ.

ಸಮೀವುಲ್ಲಾ ಮೆಲ್ಲಗೆ ಅಂದ, "ಬೇಡ ಕಣೋ. ನಾನು ಅಳ್ತಿದ್ದಾಗ ಇಡೀ ಹಾಸ್ಟೆಲ್ಲಲ್ಲಿ ಇವನೊಬ್ಬನಿಗೇ ಕಂಡಿದ್ದು."

ಅಷ್ಟರಲ್ಲಿ ಓಬಮ್ಮನ ಫೋನು. "ಏನಾಯ್ತೋ? ಹೋದ್ರೇನೋ?"

"ಇಲ್ಲವ್ವ, ಇಲ್ಲೇ ಇದಾರೆ. ಎಷ್ಟು ಸವರಿದ್ರೂ ಕಣ್ಣೀರು ನಿಲ್ತಾ ಇಲ್ಲ!"

ಫೋನಲ್ಲಿ ನಗು ಕೇಳ್ತಿತ್ತು. ಓಬಮ್ಮ ಕಿವಿಗೊಟ್ಟು ಕೇಳಿದಳು. ಮಗ ಹುಟ್ಟಿದ ಮೇಲೆ ಮೊದಲನೇ ಸಲ ಅವನನ್ನ ಬೈಯಲಿಲ್ಲ. ಸೆರಗಲ್ಲಿ ಕಣ್ಣೊತ್ತಿಕೊಂಡು ಅಂದಳು, "ಹಂಗೇ ಕೂತಿರು ನನ್ನಪ್ಪ. ಏಳಬೇಡ."

"ಆಗ್ಲವ್ವ."

ಊಟದ ಗಂಟೆ ಹೊಡೀತು. ತಿಪ್ಪೇಶ ಏಳಲಿಲ್ಲ. ಹುಡುಗರೆಲ್ಲ ತಟ್ಟೆ ಹಿಡಿದು ಓಡಿದ್ರು. ಏಳಲಿಲ್ಲ. ಇಬ್ಬರೂ ಕೈ ಹಿಡಿದು ಎಳೆದ್ರು.

"ಊಹೂಂ. ಅವ್ವ ಏಳಬೇಡ ಅಂದಿದಾಳೆ!"

ಏನು ಮಾಡ್ತಾರೆ? ಗಾದಿಲಿಂಗ ಒಂದು ಕಡೆ ಹಿಡಿದ, ಸಮೀವುಲ್ಲಾ ಇನ್ನೊಂದು ಕಡೆ ಹಿಡಿದ. ಬೆಂಚಿನ ಸಮೇತ ತಿಪ್ಪೇಶನನ್ನ ಎತ್ತಿಕೊಂಡು ಊಟದ ಮನೆಗೆ ಹೊರಟರು, ದಾರಿಯುದ್ದಕ್ಕೂ ಕೂಗ್ತಾ: "ಜಾಗ ಬಿಡ್ರಪ್ಪೋ! ನಮ್ಮ ರೂಮಿನವನು ಬರ್ತಿದಾನೆ!"