ಸುಮ್ಮನೆ ನಿಲ್ಲುವಂತಿಲ್ಲ

ಕಥೆ ಹೇಳಿ ಅಭ್ಯಾಸವಿಲ್ಲ, ಹೇಳಿದ್ದು ಸರಿಬರದಿದ್ದರೆ ಕ್ಷಮಿಸಿ.

ಪೇಟೆಯ ಪ್ರಾಣಿಗಳಿಗೊಂದು ನಗರಸಭೆ ಇತ್ತು. ನಾಯಿಗಳ ಗುಂಪೊಂದು ಮೂಲೆಮೂಲೆಯಲ್ಲಿ ನಿಂತು ಮರಿಗಳನ್ನು ಹೆದರಿಸುತ್ತಿದ್ದುದರಿಂದ ಅಧ್ಯಕ್ಷ ಹೋತ ಒಂದು ಕಾನೂನು ಮುಂದಿಟ್ಟಿತು: "ಕೆಲಸವಿಲ್ಲದವರು ಗುಂಪಾಗಿ ನಿಲ್ಲುವಂತಿಲ್ಲ."

"ಕೆಲಸ ಅಂದರೆ ಯಾವುದು?" ಎಂದು ಮುದಿ ಎಮ್ಮೆ ಕೇಳಿತು.

"ಎಮ್ಮೆಯಕ್ಕಾ, ನೀನು ಮೆಲುಕು ಹಾಕಿ ಮುಗಿಸುವಷ್ಟರಲ್ಲಿ ನನ್ನ ಮರಿ ನಾಯಿಯ ಬಾಯಲ್ಲಿರುತ್ತದೆ," ಎಂದಿತು ಕಾಗೆ. ಅದರ ಮರಿ ಆಗಷ್ಟೇ ಹಾರಲು ಕಲಿಯುತ್ತಿತ್ತು, ಅದಕ್ಕೇ ಆ ಅವಸರ. ಸಭೆ ನಕ್ಕಿತು, ಕಾನೂನು ಪಾಸಾಯಿತು.

ನಾಯಿಗಳು ಮರುದಿನವೇ ಮಾಂಸದಂಗಡಿಯ ಮುಂದೆ ನಿಂತವು. ಕಾವಲಿನ ಹುಂಜ ವಿಚಾರಿಸಿದಾಗ, "ಅಂಗಡಿ ಕಾಯುತ್ತಿದ್ದೇವೆ, ಸ್ವಾಮಿ," ಎಂದವು. ಕಾಯುವುದು ಕೆಲಸವೇ ಆದ್ದರಿಂದ ಹುಂಜ ಮುಂದಕ್ಕೆ ಹೋಯಿತು.

ಆಮೇಲೆ ಕಾಗೆಯ ಮರಿ ಕರೆಂಟಿನ ತಂತಿ ತಗುಲಿ ಸತ್ತಿತು. ಒಂದು ಕಾಗೆ ಸತ್ತರೆ ಉಳಿದವೆಲ್ಲ ಸೇರಿ ಕೂಗುತ್ತವೆ, ನೀವೂ ನೋಡಿರುತ್ತೀರಿ. ಹಾಗೆಯೇ ಎಲ್ಲವೂ ಬಂದವು.

"ಇಲ್ಲೇನು ಕೆಲಸ?" ಎಂದಿತು ಹುಂಜ.

"ಕೆಲಸವೇನಿಲ್ಲಪ್ಪ, ಅಳುವುದಕ್ಕೆ ಬಂದೆವು."

"ಹಾಗಾದರೆ ಚದುರಿ. ಕಾಗೆಯಮ್ಮನೇ ಒಪ್ಪಿದ ಕಾನೂನು."

ಕಾಗೆಗಳು ಒಂದೊಂದಾಗಿ ಹಾರಿಹೋದವು. ತಾಯಿ ಒಂದೇ ಕೂತು ಕೂಗಿತು. ಕೆಳಗಿನ ಮನೆಯವರು, "ಕಾಗೆ ಕೂಗುತ್ತಿದೆ, ಯಾರೋ ನೆಂಟರು ಬರುತ್ತಾರೆ," ಎಂದುಕೊಂಡರು.

ಇದರ ಅರ್ಥ ಕಾನೂನೇ ಬೇಡ ಎಂದಲ್ಲ, ನಾಯಿಗಳ ಕಾಟ ನಿಜವೇ. ಆದರೆ ಅಳಲು ಬಂದವರನ್ನು ಕೆಲಸವೇನೆಂದು ಕೇಳಿದರೆ ಅವರು ಏನೆಂದು... ಇರಿ, ಎದುರುಮನೆಯವರು ಕರೆಯುತ್ತಿದ್ದಾರೆ. ಚಟ್ಟಕ್ಕೆ ಹೆಗಲು ಕೊಡಲು ಒಬ್ಬರು ಕಡಿಮೆಯಂತೆ.