ಚಾಕುವಿಗೆ ಅರ ಹಾಕಿದವಳು

ಶಿಷ್ಯೆಯೊಬ್ಬಳು ಕೇಳಿದಳು: "ಅಕ್ಷರ ನಿನ್ನ ತಲೆಗೆ ಹತ್ತುವುದಿಲ್ಲ ಎಂದು ನನ್ನ ಭಾವ ನಕ್ಕಿದ್ದ. ಒಬ್ಬಳೇ ಕುಳಿತು ಕಲಿತೆ. ಈಗ ದಪ್ಪ ದಪ್ಪ ಪುಸ್ತಕ ಓದುತ್ತೇನೆ. ಆದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಇನ್ನೆಷ್ಟು ಕಲಿತರೆ ಸಾಕು, ಗುರುಗಳೇ?"

ಗುರುಗಳು ಹೇಳಿದರು:

ಒಂದು ಗುಲಾಬಿ ತೋಟದಲ್ಲಿ ಒಬ್ಬ ಹೆಂಗಸು ನೀರು ಹೊರುತ್ತಿದ್ದಳು. ಕಸಿ ಕಟ್ಟುವವರನ್ನು ನೋಡಿ ನೋಡಿಯೇ ಕೆಲಸ ಕಲಿತಿದ್ದಳು. ಅವರ ಸಾಲಿಗೆ ಸೇರಬೇಕೆಂಬುದೊಂದೇ ಅವಳ ಆಸೆ. ಮಡಚುವ ಹಗುರವಾದ ಚಾಕುವೊಂದನ್ನು ಕೊಂಡುಕೊಂಡಳು.

ಆ ತೋಟದಲ್ಲಿ ಒಂದು ಕಟ್ಟಳೆ ಇತ್ತು. ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗಿಗೆ ಮಣ್ಣು ತಾಗಬಾರದು, ಚಾಕು ಮಡಚಿರಬೇಕು. ಕಸಿಗೆಂದು ಕಡ್ಡಿಯಿಂದ ಬಿಡಿಸಿದ ಚಿಗುರುಗಣ್ಣನ್ನು ಕೆಳಗಿಟ್ಟರೆ ಒಣಗುತ್ತದೆ, ಅದು ಎಡಗೈಯಲ್ಲೇ ಇರಬೇಕು. ಹಾಗಾಗಿ ಚಾಕುವನ್ನು ಬಲಗೈಯೊಂದರಿಂದಲೇ ಬಿಚ್ಚಬೇಕು. ಅಲಗಿನ ಗೀರಿಗೆ ಹೆಬ್ಬೆರಳಿನ ಉಗುರು ಕೊಟ್ಟು ಎಲ್ಲರೂ ಬಿಚ್ಚುತ್ತಿದ್ದರು. ನೀರಿನ ಪಾತಿಗೆ ಮಣ್ಣು ಬಗೆದು ಬಗೆದು ಅವಳ ಉಗುರು ಸವೆದಿತ್ತು. ಗೀರಿಗೆ ಸಿಗುತ್ತಿರಲಿಲ್ಲ.

"ಏನವ್ವಾ, ಚಾಕು ಬಿಚ್ಚೋಕೇ ಇಬ್ಬರು ಬೇಕು ನಿನಗೆ! ನೀನು ಕಸಿ ಕಟ್ಟಿದ ಹಾಗೇ!" ಎಂದ ಮೇಸ್ತ್ರಿ.

ಅವಳು ಅರ ತಂದಳು. ಹಿಡಿಯ ಎರಡೂ ಬದಿಯಲ್ಲಿ ಅರ್ಧಚಂದ್ರದಂತೆ ಉಜ್ಜಿ ತೆಗೆದಳು. ಮಡಚಿದ ಅಲಗಿನ ಬೆನ್ನು ಆಚೆ ಕಂಡಿತು. ಬಲಗೈಯ ಎರಡು ಬೆರಳಲ್ಲೇ ಹಿಡಿದು ಎಳೆದಾಗ ಚಾಕು ಬಿಚ್ಚಿಕೊಂಡಿತು. ಅವಳು ಕಟ್ಟಿದ ಹತ್ತು ಕಸಿಗಳಲ್ಲಿ ಒಂಬತ್ತು ಚಿಗುರಿದವು. ಯಜಮಾನ ಅವಳನ್ನು ಕಸಿಯವರ ಸಾಲಿಗೆ ಸೇರಿಸಿದ.

ಮೇಸ್ತ್ರಿ ಮತ್ತೆ ನಕ್ಕ. "ನೀನು ಬಿಚ್ಚುವಷ್ಟರಲ್ಲಿ ನಾನು ಎಲೆ ಅಡಿಕೆ ಹಾಕಿ ಉಗುಳಿ ಬರ್ತೀನಿ ಕಣವ್ವಾ."

ಅಂದು ಅವಳಿಗೆ ಊಟ ರುಚಿಸಲಿಲ್ಲ. ಅಲಗನ್ನು ಹಿಡಿದಿದ್ದ ಮೊಳೆಯನ್ನು ಸಡಿಲಿಸಿದಳು. ಎಣ್ಣೆ ಬಿಟ್ಟಳು. ಬೇಗ ಬಿಚ್ಚಿತು. ಇನ್ನೂ ಬೇಗ ಬಿಚ್ಚಬೇಕೆನಿಸಿತು. ಅಲಗನ್ನು ಬಿಗಿಯಾಗಿ ನಿಲ್ಲಿಸುವ ಸ್ಪ್ರಿಂಗಿಗೂ ಅರ ಹಾಕಿದಳು. ಉಜ್ಜುವಳು, ಬಿಚ್ಚುವಳು, ಮಡಚುವಳು, ಮತ್ತೆ ಉಜ್ಜುವಳು. ಕೊನೆಗೆ ಕೈ ಕೊಡವಿದರೆ ಸಾಕು, ಚಾಕು ಬಿಚ್ಚಿಕೊಳ್ಳುವಂತಾಯಿತು.

ಮರುದಿನ ಮೇಸ್ತ್ರಿಯ ಮುಂದೆ ನಿಂತು ಕೈ ಕೊಡವಿದಳು. "ಈಗೇನಂತೀರಿ?"

ಮೇಸ್ತ್ರಿ ನಗಲಿಲ್ಲ. ಅವಳು ಬೀಗುತ್ತ ಗಿಡದ ಮುಂದೆ ಕುಳಿತಳು. ತೊಗಟೆ ಸೀಳಲು ಅಲಗಿನ ತುದಿಯನ್ನು ಒತ್ತಿದಳು. ಸವೆದ ಸ್ಪ್ರಿಂಗು ತಡೆಯಲಿಲ್ಲ. ಅಲಗು ಹಿಂದಕ್ಕೆ ಮಡಚಿಕೊಂಡು ತೋರುಬೆರಳಿನ ತುದಿಯನ್ನು ತೆಗೆದುಬಿಟ್ಟಿತು. ಕಸಿಗೆ ಸುತ್ತುವ ಪಟ್ಟಿಯನ್ನೇ ಬೆರಳಿಗೆ ಬಿಗಿದುಕೊಂಡು, ಬೇರೆಯವರ ಚಾಕು ಕೇಳಿ ಪಡೆದು, ಆ ಸಾಲು ಮುಗಿಸಿಯೇ ಎದ್ದಳು.

ಶಿಷ್ಯೆ ಕೇಳಿದಳು: "ಆಮೇಲೆ ಕಸಿ ಕಟ್ಟುವುದನ್ನೇ ಬಿಟ್ಟಳೆ?"

"ಬಿಡಲಿಲ್ಲ, ಈಗ ಅವಳದೇ ಗುಲಾಬಿ ತೋಟವಿದೆ, ಬೆರಳಿನ ತುದಿಯಿಲ್ಲ, ಅದನ್ನು ಕೇಳಿದ್ದು ಗಿಡಗಳಲ್ಲ, ಮೇಸ್ತ್ರಿಯ ನಗು."