ಬೆಲ್ಲದ ವ್ಯಾಪಾರಿಯ ಮಗಳಿಗೆ ಸಿಕ್ಕ ಖೋ

“ಗುರುಗಳೇ, ನಮ್ಮ ಪಾಠಶಾಲೆಯಲ್ಲಿ ಓಡಲು ಬಾರದ ಹುಡುಗನೊಬ್ಬನಿದ್ದಾನೆ. ಪಂದ್ಯಕ್ಕೆ ಇಳಿಸಿದರೆ ನಾಲ್ಕು ಜನ ನಗುತ್ತಾರೆ. ಅವನನ್ನು ಮರದ ನೆರಳಲ್ಲಿ ಕೂರಿಸಿ ಕಾಪಾಡುತ್ತಿದ್ದೇನೆ. ಅದು ಕರುಣೆಯಲ್ಲವೇ?” ಎಂದು ಶಿಷ್ಯ ಕೇಳಿದ. ಮಕ್ಕಳನ್ನು ಆಡಿಸುವ ಹೊಣೆ ಅವನದಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಮಗಳು ತಾಯವ್ವ ಎಂದರೆ ಅವನಿಗೆ ಪಂಚಪ್ರಾಣ. ಹುಡುಗಿ ಮೈಯಲ್ಲಿ ಭಾರ, ಕಾಲಲ್ಲಿ ನಿಧಾನ. ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಹುಡುಗಿಯರ ಖೋಖೋ ಪಂದ್ಯ ನಿಗದಿಯಾದಾಗ, ತಾನೂ ಆಡುತ್ತೇನೆಂದು ಅವಳು ಹಟ ಹಿಡಿದಳು. ಬೇಡವೆನ್ನಲು ವ್ಯಾಪಾರಿಗೆ ಬಾಯಿ ಬರಲಿಲ್ಲ. ಊರು ನಕ್ಕೀತೆಂಬ ಭಯವೂ ಬಿಡಲಿಲ್ಲ. ವ್ಯಾಪಾರಿಯ ಬುದ್ಧಿಯಲ್ಲವೇ, ಅದು ತನ್ನ ದಾರಿ ಹುಡುಕಿಕೊಂಡಿತು. ತಂಡದ ಹುಡುಗಿಯರನ್ನು ಅಂಗಡಿಗೆ ಕರೆದು ಕೈಗೊಂದು ಬೆಲ್ಲದ ಉಂಡೆ ಕೊಟ್ಟ.

“ಆಕೀನ್ನ ಸಾಲಿನಾಗ ಕುಂದರಸ್ರವ್ವಾ. ಆದ್ರ ಖೋ ಮಾತ್ರ ಕೊಡಬ್ಯಾಡ್ರಿ.”

ಬೆನ್ನಿಗೆ ಕೈ ತಾಗಿಸಿ ಖೋ ಎಂದ ಹೊರತು ಆ ಆಟದಲ್ಲಿ ಕೂತವರು ಏಳುವಂತಿಲ್ಲ. ಬೆಲ್ಲ ತಿಂದ ಹುಡುಗಿಯರು ಮಾತಿಗೆ ತಪ್ಪಲಿಲ್ಲ. ಅಟ್ಟುವ ಸರದಿ ಬಂದಾಗ ತಾಯವ್ವ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತಳು. ಗೆಳತಿಯರು ಅವಳ ಹಿಂದೆಯೇ ಹಾದುಹೋಗಿ ಮುಂದಿನವಳ ಬೆನ್ನು ತಟ್ಟಿದರು. ಯಾರೂ ನಗಲಿಲ್ಲ. ವ್ಯಾಪಾರಿ ನೆಮ್ಮದಿಯಿಂದ ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

ಎದುರಾಳಿಗಳೇನು ದಡ್ಡರಲ್ಲ. ಈ ಬೆನ್ನಿಗೆ ಖೋ ಬೀಳುವುದಿಲ್ಲವೆಂದು ತಿಳಿದ ಮೇಲೆ ಅವಳ ಎದುರಿಗೇ ಬಂದು ನಿಂತು ದಣಿವಾರಿಸಿಕೊಂಡರು. ಹಿಂದೆ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ತಾಯವ್ವ ಹಿಮ್ಮಡಿ ಎತ್ತಿ ಏಳಲು ಅಣಿಯಾಗುತ್ತಿದ್ದಳು. ಸಪ್ಪಳ ದಾಟಿಹೋದಾಗ ಮತ್ತೆ ಕುಸಿಯುತ್ತಿದ್ದಳು. ಅದು ಕಣ್ಣಿಗೆ ಬಿದ್ದ ಮೇಲೆ ವ್ಯಾಪಾರಿಗೆ ಬಾಯೊಳಗಿನ ಎಲೆ ಕಹಿಯಾಯಿತು. ಹೆತ್ತ ಮಗಳಿಗೆ ತಾನೇ ಹೀಗೆ ಮಾಡಿದೆನಲ್ಲ ಎಂದುಕೊಂಡ. ನಾಚಿಕೆ ಬಿಟ್ಟು ಎದ್ದು ನಿಂತು ಕೂಗಿದ.

“ನನ್ನ ಮಗಳಿಗೂ ಖೋ ಕೊಡ್ರವ್ವಾ.”

ಬೆನ್ನಿಗೆ ಕೈ ಬಿತ್ತು. ತಾಯವ್ವ ಎದ್ದಳು, ಓಡಿದಳು, ಮುಗ್ಗರಿಸಿ ಬಿದ್ದಳು. ವ್ಯಾಪಾರಿ ಹೆದರಿದಂತೆಯೇ ಊರು ನಕ್ಕಿತು. ಅವಳು ಎದ್ದು ಮತ್ತೆ ಓಡಿದಳು. ಯಾರನ್ನೂ ಮುಟ್ಟಲಾಗಲಿಲ್ಲ. ಅವಳ ಕೇರಿ ಪಂದ್ಯ ಸೋತಿತು.

ಮಗಳು ತಲೆ ತಗ್ಗಿಸಿ ಬರುತ್ತಾಳೆಂದು ವ್ಯಾಪಾರಿ ಮನೆಯ ಬಾಗಿಲಲ್ಲಿ ಕಾದ. ಅವಳು ಬಂದದ್ದು ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು, ಸೋತದ್ದು ಹೇಗೆಂದು ಗೆಳತಿಯರ ಜೊತೆ ಜಗಳವಾಡುತ್ತ.

“ಅಪ್ಪಾ, ಸೋತ್ವಿ. ಹೊಟ್ಟಿ ಹಸದೈತಿ, ಎಲ್ಲಾರಿಗೂ ರೊಟ್ಟಿ ಕೊಡು.”

ವ್ಯಾಪಾರಿಯ ಎದೆಯ ಮೇಲಿನ ಕಲ್ಲು ಇಳಿಯಿತು. ಎಷ್ಟೋ ದಿನಗಳ ಮೇಲೆ ಅವನು ಹಗುರಾಗಿ ನಕ್ಕ. ರೊಟ್ಟಿಯ ಜೊತೆ ಎಲ್ಲರಿಗೂ ಬೆಲ್ಲ ಇಟ್ಟ. ಈ ಸಲ ಯಾರಿಂದಲೂ ಮಾತು ತೆಗೆದುಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಆದರೂ ಊರು ನಕ್ಕಿತಲ್ಲ, ಗುರುಗಳೇ?” ಎಂದ ಶಿಷ್ಯ.

“ನಕ್ಕಿತು. ಅದಿರಲಿ, ನಿನ್ನ ಹುಡುಗ ಆ ನೆರಳಲ್ಲಿ ಎಷ್ಟು ದಿನದಿಂದ ಹಿಮ್ಮಡಿ ಎತ್ತಿ ಕೂತಿದ್ದಾನೆ?”

ಶಿಷ್ಯ ಎದ್ದು ಆ ಮರದ ಕಡೆಗೆ ನಡೆದ.